ಯಾರದೂ ಅಲ್ಲದ ಮೈದಾನ, ಯಾರ ಹೊಣೆ?

ಮಳೆ ಹಿಂದೆ ಸರಿದು ಮೈದಾನದ ಕೆಸರು ಆರುತ್ತಿದ್ದಂತೆ ಕಾಲೇಜು ಹುಡುಗರ ಕಾಲು ಚೆಂಡಿನತ್ತ ಎಳೆಯುತ್ತದೆ. ನಂದಗಡ, ಖಾನಾಪುರದ ಕಡೆಯ ಹುಡುಗರೂ ಬೂಟಿನ ಚೀಲ ಹೆಗಲಿಗೇರಿಸಿ ಬೆಳಗಾವಿಯ ಬಸ್ಸು ಹತ್ತುತ್ತಾರೆ. ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಗಳಲ್ಲಿ ಎರಡು ತಂಡಗಳು ಮೂರನೆಯವರ ಮೈದಾನದಲ್ಲಿ ಎದುರಾಗುವುದು ಸಾಮಾನ್ಯ. ಯಾರಿಗೂ ಸ್ವಂತದ ಅಂಗಳವಲ್ಲ, ಯಾರಿಗೂ ಹೆಚ್ಚಿನ ಲಾಭವಿಲ್ಲ. ಆಟದ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ವೈದ್ಯನ ದೃಷ್ಟಿಯಿಂದ ಒಂದು ಪ್ರಶ್ನೆ ಉಳಿಯುತ್ತದೆ. ಆ ಮೈದಾನದಲ್ಲಿ ಹುಡುಗನೊಬ್ಬ ಕುಸಿದು ಬಿದ್ದರೆ ಓಡಿ ಬರಬೇಕಾದವರು ಯಾರು?

ಅಮೆರಿಕದಲ್ಲಿ ಇಂಥ ಪಂದ್ಯ ದೊಡ್ಡ ಉತ್ಸವವೇ ಆಗಿದೆ. ಅಲ್ಲಿನ ಕಾಲೇಜು ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಮೆತ್ತೆ ಕಟ್ಟಿಕೊಂಡು ಆಡುವ ಬೇರೆಯೇ ಆಟ. ನ್ಯೂಜೆರ್ಸಿಯಲ್ಲಿ 1983ರಿಂದ 2002ರವರೆಗೆ ಹಂಗಾಮಿನ ಮೊದಲ ಪಂದ್ಯವನ್ನು ಹೀಗೆ ಎರಡೂ ತಂಡಗಳಿಗೆ ಸೇರದ ಮೈದಾನದಲ್ಲಿ ಆಡಿಸುತ್ತಿದ್ದರು. ಅಟ್ಲಾಂಟಾದಲ್ಲಿ 2008ರಲ್ಲಿ ಇಂಥದೇ ಪಂದ್ಯ ಆರಂಭವಾಯಿತು. ಈ ಆಡಂಬರ ನಮಗೆ ಬೇಕಿಲ್ಲ. ಅವರು ಕಲಿತ ಒಂದು ಪಾಠ ಮಾತ್ರ ಬೇಕು. ಬಿಡುವಿನ ನಂತರದ ಮೊದಲ ದಿನಗಳು ಆಟಗಾರನ ದೇಹಕ್ಕೆ ಅಪಾಯದ ದಿನಗಳು ಎಂಬುದನ್ನು ಅರಿತು, 2003ರಲ್ಲಿ ಅಲ್ಲಿನ ಕಾಲೇಜು ಕ್ರೀಡಾಸಂಸ್ಥೆಯು ಮೊದಲ ಐದು ದಿನ ತಾಲೀಮನ್ನು ಹಂತಹಂತವಾಗಿ ಏರಿಸಬೇಕೆಂದು ನಿಯಮ ಮಾಡಿತು. ಬಿಸಿಲಿಗೆ ಒಗ್ಗದ ದೇಹಕ್ಕೆ ಮೊದಲ ದಿನವೇ ಪೂರ್ತಿ ಶ್ರಮ ಕೊಟ್ಟರೆ ಒಳಗಿನ ಉಷ್ಣತೆ ಏರಿ ಪ್ರಾಣಕ್ಕೇ ಕುತ್ತಾಗಬಹುದು.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡೋಣ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್ ನಡೆಯಿತು. ಗೋವೆಯ ಡೆಂಪೊ, ಕೋಲ್ಕತ್ತೆಯ ಮೋಹನ್ ಬಗಾನ್ ತಂಡಗಳಿಗೆ ಬೆಂಗಳೂರು ಪರಸ್ಥಳ. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು. ಅವರು ಮತ್ತೆ ಏಳಲಿಲ್ಲ. ಮೈದಾನದಲ್ಲಿದ್ದ ವೈದ್ಯಕೀಯ ಸಿದ್ಧತೆಯ ಬಗ್ಗೆ ಆಗ ದೇಶದಾದ್ಯಂತ ಪ್ರಶ್ನೆಗಳೆದ್ದವು.

ಇನ್ನೊಂದು ಘಟನೆ 2021ರ ಜೂನ್ 12ರದು. ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧ ಆಡುತ್ತಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಅವರ ಹೃದಯ ಆಟದ ನಡುವೆಯೇ ನಿಂತಿತು. ಕೂಡಲೇ ಎದೆ ಒತ್ತುವ ಚಿಕಿತ್ಸೆ ಆರಂಭವಾಯಿತು. ಹುಲ್ಲಿನ ಮೇಲೆಯೇ ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟರು. ಅವರು ಬದುಕಿದರು, ಮರುವರ್ಷ ಮತ್ತೆ ಮೈದಾನಕ್ಕಿಳಿದರು. ಎರಡೂ ಪ್ರಕರಣಗಳು ಒಂದೇ ಎಂದಾಗಲಿ, ಮೊದಲನೆಯವರು ಖಂಡಿತ ಉಳಿಯುತ್ತಿದ್ದರು ಎಂದಾಗಲಿ ನಾನು ಹೇಳುವುದಿಲ್ಲ. ಸಿದ್ಧತೆಯಿದ್ದಲ್ಲಿ ಜೀವಕ್ಕೆ ಒಂದು ಅವಕಾಶ ಸಿಗುತ್ತದೆ ಎಂದಷ್ಟೇ ನನ್ನ ಮಾತು.

ಇದರ ಹಿಂದಿನ ಲೆಕ್ಕ ಸರಳ. ಹೃದಯ ನಿಂತಾಗ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ. ನಾಲ್ಕೈದು ನಿಮಿಷ ರಕ್ತ ಹರಿಯದಿದ್ದರೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ವಾಹನ ಹುಡುಕಿ, ಜನರ ಗುಂಪು ಸೀಳಿ ತಲುಪುವಷ್ಟರಲ್ಲಿ ಈ ಸಮಯ ಮುಗಿದಿರುತ್ತದೆ. ಆದ್ದರಿಂದ ಚಿಕಿತ್ಸೆ ಮೈದಾನದಲ್ಲೇ ಆರಂಭವಾಗಬೇಕು.

ಬಿದ್ದವನನ್ನು ಕರೆದು, ಭುಜ ತಟ್ಟಿ ನೋಡಿ. ಅವನು ಓಗೊಡದಿದ್ದರೆ, ಉಸಿರು ಸಹಜವಾಗಿ ಆಡದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈಯ ಮೇಲೆ ಅಂಗೈಯಿಟ್ಟು ಬಲವಾಗಿ ಒತ್ತಲಿ. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ ಎರಡು ಅಂಗುಲದಷ್ಟು ಒಳಗಿಳಿಯಬೇಕು. ಎ.ಇ.ಡಿ. ಎಂಬ ಯಂತ್ರ ಸಿಕ್ಕರೆ ಕೂಡಲೇ ತೆರೆದು ಅಂಟಿಸಿ. ಏನು ಮಾಡಬೇಕೆಂದು ಅದೇ ಮಾತಿನಲ್ಲಿ ಹೇಳುತ್ತದೆ. ಆಘಾತದ ಅಗತ್ಯವಿಲ್ಲದಿದ್ದರೆ ಅದು ಕೊಡುವುದೂ ಇಲ್ಲ. ಬಾಯಿಗೆ ನೀರು ಹಾಕುವುದು, ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಅಷ್ಟೂ ಹೊತ್ತು ವ್ಯರ್ಥ.

ಸ್ವಂತ ಮೈದಾನದಲ್ಲಿ ಆಡುವಾಗ ಹೇಗೋ ನಡೆಯುತ್ತದೆ. ದೈಹಿಕ ಶಿಕ್ಷಕರಿಗೆ ಹತ್ತಿರದ ವೈದ್ಯರು ಗೊತ್ತು, ಗೇಟಿನ ಕೀಲಿ ಯಾರ ಬಳಿ ಇದೆಯೆಂಬುದೂ ಗೊತ್ತು. ಮೂರನೆಯವರ ಮೈದಾನದಲ್ಲಿ ಆ ತಂಡದವರು ಈ ತಂಡದವರನ್ನು, ಇಬ್ಬರೂ ಸಂಘಟಕರನ್ನು ನೆಚ್ಚಿರುತ್ತಾರೆ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಇಂಥದಕ್ಕೇ ಹುಟ್ಟಿದ್ದು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಆಟಕ್ಕೆ ಮುನ್ನ ರೆಫರಿ ಚೆಂಡಿನ ಗಾಳಿ, ಗೋಲಿನ ಬಲೆ, ಬೂಟಿನ ತಳ ಪರೀಕ್ಷಿಸುತ್ತಾರೆ. ಇದರ ಜೊತೆಗೆ ನಾಲ್ಕು ಸಂಗತಿಗಳನ್ನೂ ನೋಡಿದ ಮೇಲೆಯೇ ಸೀಟಿ ಊದಲಿ. ಎದೆ ಒತ್ತುವ ಚಿಕಿತ್ಸೆ ಬಲ್ಲ ಒಬ್ಬರು ಗೆರೆಯ ಬಳಿ ಇದ್ದಾರೆಯೇ? ಎ.ಇ.ಡಿ. ಇದೆಯೇ? ಗೇಟು ತೆರೆದು, ವಾಹನ ಸಿದ್ಧವಾಗಿದೆಯೇ? ಕುಡಿಯುವ ನೀರು, ಮಂಜುಗಡ್ಡೆ ಇವೆಯೇ? ಇಲ್ಲವಾದರೆ ಪಂದ್ಯ ಒಂದು ತಾಸು ತಡವಾಗಲಿ.

ಖರ್ಚಿನ ಮಾತು ಬರುತ್ತದೆ, ಬರಲಿ. ಎದೆ ಒತ್ತುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಬೆಳಗಾವಿಯಲ್ಲಿ ಜೆ.ಎನ್. ಮೆಡಿಕಲ್ ಕಾಲೇಜು, ಬಿಮ್ಸ್ ಎರಡೂ ಇರುವಾಗ ಕಲಿಸುವವರಿಗೆ ಕೊರತೆಯಾಗಬಾರದು. ಯಂತ್ರ ಮಾತ್ರ ದುಬಾರಿ. ಪ್ರತಿ ಕಾಲೇಜಿಗೆ ಸಾಧ್ಯವಾಗದಿದ್ದರೆ ಪಂದ್ಯಾವಳಿಗೆ ಒಂದಿರಲಿ. ಟ್ರೋಫಿ, ಶಾಲು, ಹಾರಗಳ ಖರ್ಚಿನಲ್ಲಿ ಒಂದಿಷ್ಟು ಉಳಿಸಿದರೆ ಎರಡು ಮೂರು ವರ್ಷದಲ್ಲಿ ಅದೂ ಒದಗೀತು.

ಪಾಲಕರಿಗೂ ಎರಡು ಮಾತು. ಮಗ ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿದ್ದರೆ, ಎದೆ ನೋವು ಎಂದಿದ್ದರೆ, ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ ಆಟಕ್ಕೆ ಕಳಿಸುವ ಮುನ್ನ ವೈದ್ಯರಿಗೆ ತೋರಿಸಿ. ಜ್ವರ ಬಂದಿರುವಾಗ ಆಡಿಸಬೇಡಿ. ಮೊದಲ ಪಂದ್ಯಕ್ಕೆ ಎರಡು ವಾರ ಮುಂಚಿನಿಂದಲೇ ಓಟ ರೂಢಿಯಾಗಲಿ. ನಮ್ಮ ಹೆಣ್ಣುಮಕ್ಕಳೂ ಈಗ ಆಡುತ್ತಾರೆ. ಅವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮಕ್ಕಳನ್ನು ಆಟದಿಂದ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಆಡದೆ ಕುಳಿತವರ ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವುದೇ ನಮ್ಮ ನಿತ್ಯದ ಕೆಲಸ. ಮಕ್ಕಳು ಆಡಲಿ, ಗೆಲ್ಲಲಿ, ಸೋಲಲಿ. ಆದರೆ ಬೆಂಕಿ ಬಿದ್ದಾಗ ಬಾವಿ ತೋಡುವ ರೂಢಿಯನ್ನು ಮೈದಾನಕ್ಕೆ ತರುವುದು ಬೇಡ. ಈ ಸಲ ಮಗ ಪಂದ್ಯಕ್ಕೆ ಹೊರಟಾಗ, ಬಸ್ಸಿನ ಹಣ ಕೊಡುವ ಮೊದಲು ಕಾಲೇಜಿಗೆ ಒಂದು ಫೋನು ಮಾಡಿ ಕೇಳಿ: ಅಲ್ಲಿ ಯಾರಾದರೂ ಬಿದ್ದರೆ ಎಬ್ಬಿಸುವವರು ಯಾರು? ಆ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾಗಿ ಬರಬೇಕು.