ನಿವೃತ್ತಿಗೆ ಮೊದಲೇ ನೌಕರಿ ಬಿಡಬಹುದೇ?

ನಿವೃತ್ತಿಯ ಅಂಚಿನಲ್ಲಿ ನೌಕರಿಯನ್ನು ಸಹಿಸಲಾಗದೆ ನಿದ್ರಾನಾಶ, ಆಮ್ಲಪಿತ್ತಗಳಿಂದ ಬಳಲುವ ಸರ್ಕಾರಿ ನೌಕರರು ಚಿಕಿತ್ಸೆಗೆ ಬರುತ್ತಾರೆ. ಕಾಯಕವನ್ನು ನಡುವೆ ಬಿಡಬಾರದೆಂಬ ಅಳುಕು ಅವರದು. ಸಂಬಳದ ಹುದ್ದೆಯೊಂದೇ ಕಾಯಕವಲ್ಲ ಎಂಬುದು ನನ್ನ ಅಭಿಪ್ರಾಯ. ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದವನ್ನು ಚರಕಾಚಾರ್ಯರು ಅಗ್ರಸ್ಥಾನದಲ್ಲಿರಿಸಿದ್ದಾರೆ.

ಆದರೆ ನಿದ್ರೆಗೆಟ್ಟ ಮನಸ್ಸಿನಿಂದ ನಿರ್ಧರಿಸಬಾರದು. ಮೊದಲು ಒಂದು ತಿಂಗಳು ಗಳಿಕೆ ರಜೆ ಪಡೆಯಿರಿ. ಆಗಲೂ ಬಾಧೆ ತಗ್ಗದಿದ್ದರೆ ಕಾರಣ ಬೇರೆಯಿರಬಹುದು; ಪರೀಕ್ಷೆ ಮಾಡಿಸಿಕೊಳ್ಳಿರಿ. ತಗ್ಗಿದ್ದು ಕಚೇರಿಗೆ ಮರಳಿದೊಡನೆ ಮರುಕಳಿಸಿದರೆ, ಮನೆಯವರೊಡನೆ ಕುಳಿತು ಖರ್ಚುವೆಚ್ಚದ ಲೆಕ್ಕ ಹಾಕಿರಿ. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವವರು ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕವಾಗದು. ನಿಯಮದಂತೆ ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ಅದು ಜೀವನಕ್ಕೆ ಸಾಕೆನಿಸಿದರೆ 60 ತುಂಬುವವರೆಗೆ ಕಾಯದೆ ಬಿಡಿರಿ. ಮುಂದಿನ ಕಾಯಕಕ್ಕೆ ಆರೋಗ್ಯವಂತ ದೇಹ ಬೇಕು.