ವಾಪಸು ಬಂದ ಜೇನು: ಆನ್‌ಲೈನ್ ಮಾರಾಟಕ್ಕಿಳಿದ ರೈತರಿಗೆ ಹೊಸ ಸಂಕಷ್ಟ

ವಿ.ಪಿ.ಪಿ. ಮೂಲಕ ತರಕಾರಿ ಬೀಜ, ಕಸಿ ಕತ್ತಿ, ಪಂಚಾಂಗ ತರಿಸಿಕೊಂಡ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. ಅಂಚೆಯವನು ಕಟ್ಟನ್ನು ಮನೆ ಬಾಗಿಲಿಗೆ ತರುತ್ತಿದ್ದ. ಹಣ ಕೊಟ್ಟರೆ ಕಟ್ಟು ನಮ್ಮದು; ಇಲ್ಲವಾದರೆ ‘ಪಡೆಯಲು ನಿರಾಕರಿಸಿದ್ದಾರೆ’ ಎಂಬ ಷರಾದೊಡನೆ ಅದು ಕಳುಹಿಸಿದವನಿಗೇ ಮರಳುತ್ತಿತ್ತು. ಮಾರಿದವನಿಗೆ ಅಂಚೆ ವೆಚ್ಚ ನಷ್ಟವಾಗುತ್ತಿತ್ತು, ನಿಜ. ಆದರೆ ಮಾಲು ಕಟ್ಟಿದ್ದು ಕಟ್ಟಿದ್ದಂತೆಯೇ ಕೈಸೇರುತ್ತಿತ್ತು. ಇಂದಿನ ಆನ್‌ಲೈನ್ ವ್ಯಾಪಾರದಲ್ಲಿ ಕಟ್ಟು ಬಿಚ್ಚಿದ ಮೇಲೂ, ಕೆಲವೊಮ್ಮೆ ಬಳಸಿದ ಮೇಲೂ ಮಾಲು ವಾಪಸು ಬರುತ್ತದೆ. ಬರುವುದು ನಾವು ಕಳುಹಿಸಿದ ಮಾಲೇ ಎಂಬ ಭರವಸೆಯೂ ಇಲ್ಲ.

ನಮ್ಮ ಹೋಬಳಿ ಘಟ್ಟದ ಕೆಳಗಿನದು. ಅಡಿಕೆ, ರಬ್ಬರು, ಅಲ್ಲಲ್ಲಿ ಕೊಕ್ಕೊ ಇಲ್ಲಿನ ಬೆಳೆಗಳು. ಇಲ್ಲಿನ ಮಹಿಳೆಯರ ಒಂದು ಸ್ವಸಹಾಯ ಸಂಘ ಮೂರು ವರ್ಷಗಳಿಂದ ತುಡುವೆ ಜೇನನ್ನು ಅರ್ಧ ಕಿ.ಗ್ರಾಂ. ಬಾಟಲಿಗಳಲ್ಲಿ ತುಂಬಿ, ಒಂದು ಆನ್‌ಲೈನ್ ಮಾರಾಟ ತಾಣದ ಮೂಲಕ ಬೆಂಗಳೂರು, ಪುಣೆ, ಚೆನ್ನೈಗಳಿಗೆ ಕಳುಹಿಸುತ್ತಿದೆ. ಕಳೆದ ಮಳೆಗಾಲದಲ್ಲಿ ಒಂದು ಬಾಟಲಿ ವಾಪಸು ಬಂತು. ಗಿರಾಕಿ ಕೊಟ್ಟ ಕಾರಣ ‘ಬೇರೆ ವಸ್ತು ಬಂದಿದೆ’ ಎಂಬುದು. ಬಾಟಲಿ ಸಂಘದ್ದೇ, ಮೇಲಿನ ಚೀಟಿಯೂ ಸಂಘದ್ದೇ; ಮುಚ್ಚಳದ ಸೀಲು ಮಾತ್ರ ಕತ್ತರಿಸಿತ್ತು.

“ಇದು ನಮ್ಮ ಜೇನೇ ಅಲ್ಲ ಸಾರ್, ಪರಿಮಳವೇ ಇಲ್ಲ” ಎನ್ನುತ್ತಾ ಸಂಘದ ಕಾರ್ಯದರ್ಶಿಯವರು ಅದನ್ನು ರೈತ ಸಂಪರ್ಕ ಕೇಂದ್ರಕ್ಕೇ ತಂದರು. ಜೇನು ಸಾಕಣೆದಾರರೊಬ್ಬರಿಂದ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ತರಿಸಿ ನೋಡಿದೆವು. ತುಂಬಿಸುವಾಗ ಶೇ. 19 ಇದ್ದುದು ಈಗ ಮಾಪಕದ ಕೊನೆಯ ಗೆರೆಯನ್ನೂ ದಾಟಿತ್ತು. ಜೇನನ್ನು ಬಸಿದುಕೊಂಡು ಸಕ್ಕರೆ ಪಾಕ ತುಂಬಿ ಕಳುಹಿಸಿದ್ದರು. ಅದನ್ನು ತಿಳಿಯಲು ಉಪಕರಣವೂ ಬೇಕಿರಲಿಲ್ಲವೆನ್ನಿ, ನಾಲಗೆಯೇ ಸಾಕಿತ್ತು.

ಪರಿಹಾರ ಕೋರಿ ಸಂಘದವರು ತಾಣಕ್ಕೆ ಮನವಿ ಸಲ್ಲಿಸಿದರು. ಅದು ತಿರಸ್ಕೃತವಾಯಿತು. ಮನವಿ ಸಲ್ಲಿಸಲು ಇದ್ದ ಏಳು ದಿನದ ಅವಧಿ ಮುಗಿದಿತ್ತು. ಕಟ್ಟು ಬಿಚ್ಚಿದಾಗ ತೆಗೆದ ಚಿತ್ರವೂ ಇರಲಿಲ್ಲ. ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿ ಆ ಕಟ್ಟು ಹನ್ನೊಂದು ದಿನ ಅಡುಗೆಮನೆಯ ಅಟ್ಟದ ಮೇಲೆ ಕುಳಿತಿತ್ತು.

ಒಂದು ಬಾಟಲಿಗೆ ಇಷ್ಟು ಚರ್ಚೆಯೇಕೆಂದು ಕೇಳಬಹುದು. ಸಂಘದ ಲೆಕ್ಕ ಹೀಗಿದೆ. ಬಾಟಲಿಯ ಮಾರಾಟ ಬೆಲೆ ರೂ. 450. ತಾಣದ ಕಮಿಷನ್ ಮತ್ತಿತರ ಶುಲ್ಕ ರೂ. 60, ಸಾಗಣೆ ರೂ. 70, ಸದಸ್ಯೆಗೆ ಕೊಡುವ ಜೇನಿನ ಹಣ ರೂ. 200, ಬಾಟಲಿ, ಚೀಟಿ, ರಟ್ಟಿನ ಪೆಟ್ಟಿಗೆಗೆ ರೂ. 40. ಉಳಿಯುವುದು ರೂ. 80. ಅದೇ ಬಾಟಲಿ ಹಾಳಾಗಿ ವಾಪಸು ಬಂದರೆ ಕಮಿಷನ್ ಬಿಟ್ಟುಕೊಡುತ್ತಾರೆ. ಹೋದ ಸಾಗಣೆಯ ರೂ. 70 ಹೋಯಿತು, ಬಂದ ಸಾಗಣೆಗೆ ಮತ್ತೆ ರೂ. 90 ಕಡಿತ. ಜೇನು ಮತ್ತು ಬಾಟಲಿ ಸೇರಿ ಒಟ್ಟು ನಷ್ಟ ರೂ. 400. ಅಂದರೆ ಒಂದು ಸುಳ್ಳು ವಾಪಸಿಗೆ ಐದು ಬಾಟಲಿಗಳ ಲಾಭ ಆಹುತಿ. ಬಟ್ಟೆ ಮಾರುವವರಾದರೆ ಮಡಿಸಿ ಮತ್ತೆ ಮಾರಬಹುದು. ತಿನ್ನುವ ಪದಾರ್ಥ ಒಮ್ಮೆ ಪರರ ಕೈಗೆ ಹೋಗಿ ಬಂದರೆ, ಸೀಲು ಹಾಗೇ ಇದ್ದಂತೆ ಕಂಡರೂ, ಇನ್ನೊಬ್ಬರಿಗೆ ಮಾರುವುದು ತರವಲ್ಲ.

ತಿನಿಸುಗಳಿಗೆ ವಾಪಸು ಇಲ್ಲವೆಂದೇ ಹಲವು ತಾಣಗಳಲ್ಲಿ ಬರೆದಿರುತ್ತದೆ. ಆದರೆ ‘ಒಡೆದು ಬಂದಿದೆ’, ‘ಕೆಟ್ಟಿದೆ’, ‘ಬೇರೆ ಬಂದಿದೆ’ ಎಂದರೆ ಹಣ ಮರಳುತ್ತದೆ. ಇದು ಸರಿಯಾದ ಏರ್ಪಾಡೇ ಹೌದು. 1986ರ ಗ್ರಾಹಕ ಕಾಯಿದೆಯ ಬದಲು 2019ರಲ್ಲಿ ಹೊಸ ಕಾಯಿದೆ ಬಂದು, ಅದರಡಿ 2020ರ ಜುಲೈಯಲ್ಲಿ ಇ-ವಾಣಿಜ್ಯ ನಿಯಮಗಳು ಜಾರಿಯಾದವು. ಮಾಲು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ವಾಪಸು ಪಡೆಯಲು ಅಥವಾ ಹಣ ಹಿಂತಿರುಗಿಸಲು ಮಾರಾಟಗಾರನು ನಿರಾಕರಿಸತಕ್ಕದ್ದಲ್ಲ. ಗ್ರಾಹಕನ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದೂ ವಿಧಿಸಲಾಗಿದೆ. ಮೊಬೈಲಿಗೆ ಹಣ ಕಟ್ಟಿ ಸಾಬೂನಿನ ತುಂಡು ಪಡೆದವರ ಸುದ್ದಿಗಳನ್ನು ಓದಿದವರಿಗೆ ಈ ರಕ್ಷಣೆಯ ಅಗತ್ಯ ತಿಳಿಯುತ್ತದೆ. ನಾವೂ ಗ್ರಾಹಕರೇ ಅಲ್ಲವೇ?

ಆದರೆ ಆ ನಿಯಮಗಳನ್ನು ಬರೆದಾಗ ಮಾರಾಟಗಾರನೆಂದರೆ ದೊಡ್ಡ ಕುಳ, ಗ್ರಾಹಕನೆಂದರೆ ಬಡಪಾಯಿ ಎಂಬ ಚಿತ್ರ ಕಣ್ಣಮುಂದೆ ಇದ್ದಂತೆ ತೋರುತ್ತದೆ. ಹದಿನಾಲ್ಕು ಮಂದಿ ಹೆಂಗಸರ ಸಂಘವೊಂದು ಮಾರಾಟಗಾರನ ಸ್ಥಾನದಲ್ಲಿ ನಿಂತಾಗ ಚಿತ್ರ ಬದಲಾಗುತ್ತದೆ. ವ್ಯಾಪಾರಕ್ಕಾಗಿ ತಾಣದ ಸೇವೆ ಪಡೆಯುವವರು ಈ ಕಾಯಿದೆಯ ಅರ್ಥದಲ್ಲಿ ಸಾಮಾನ್ಯವಾಗಿ ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ವಿನಾಯಿತಿ ಇದೆಯಾದರೂ ಅದನ್ನು ವಾದಿಸಿ ರುಜುವಾತುಪಡಿಸಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಇದೆ. ಹಿಂದೆ ‘ನಾನೂರಿಪ್ಪತ್ತು’ ಎನ್ನುತ್ತಿದ್ದೆವಲ್ಲ, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಬಂದದ್ದು. ಆದರೆ ರೂ. 450ರ ಬಾಟಲಿಗಾಗಿ ಪುಣೆಯ ಗಿರಾಕಿಯ ಮೇಲೆ ಇಲ್ಲಿನ ಠಾಣೆಯಲ್ಲಿ ದೂರು ಕೊಟ್ಟು ಓಡಾಡುವವರು ಯಾರು? 2017ರಲ್ಲಿ ದೆಹಲಿಯಲ್ಲಿ ಒಬ್ಬ ಯುವಕನನ್ನು ಪೊಲೀಸರು ಬಂಧಿಸಿದರು. ನೂರಕ್ಕೂ ಹೆಚ್ಚು ಮೊಬೈಲುಗಳನ್ನು ತರಿಸಿಕೊಂಡು, ಪೆಟ್ಟಿಗೆ ಖಾಲಿ ಬಂತೆಂದು ಹೇಳಿ ಹಣ ಮರಳಿ ಪಡೆದನೆಂಬುದು ಆರೋಪ. ಅಂಥ ಮೊತ್ತವಾದರೆ ತನಿಖೆ ನಡೆಯುತ್ತದೆ. ಬಿಡಿ ಬಾಟಲಿಗೆ ನಡೆಯುವುದಿಲ್ಲ.

ತಾಣದವರು ನಮ್ಮ ಮಾತನ್ನು ಏಕೆ ನಂಬುವುದಿಲ್ಲ ಎಂಬುದನ್ನೂ ನೋಡಬೇಕು. ಮಾರಾಟಗಾರರ ವೇಷದಲ್ಲಿಯೂ ಮೋಸಗಾರರಿದ್ದಾರೆ. 2024ರಲ್ಲಿ ಬೆಂಗಳೂರಿನ ಸೈಬರ್ ಪೊಲೀಸರು ಸೂರತ್ತಿನ ಕೆಲವರನ್ನು ಹಿಡಿದ ಪ್ರಕರಣದಲ್ಲಿ, ತಾವೇ ಮಾರಾಟಗಾರರಾಗಿ, ತಾವೇ ನಕಲಿ ಗಿರಾಕಿಗಳಾಗಿ, ವಾಪಸು ಬಂದ ಮಾಲು ಕೆಟ್ಟಿದೆಯೆಂದು ಪರಿಹಾರ ಬಾಚಿಕೊಂಡರೆಂಬ ಆರೋಪವಿತ್ತು, ಮೊತ್ತ ಕೋಟಿಗಳಲ್ಲಿತ್ತು. ಇಂಥವರ ಪಾಪಕ್ಕೆ ನಮ್ಮ ಸಂಘಗಳ ಮನವಿಯೂ ಅನುಮಾನದ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನಮ್ಮ ಕೈಯಲ್ಲಿರುವುದು ಪುರಾವೆಯೊಂದೇ.

ಪುರಾವೆಗೆ ಮೊದಲು ಇನ್ನೊಂದು ಮಾತು, ಕೆಲವರಿಗೆ ಕಹಿಯೆನಿಸಬಹುದು. ವಾಪಸು ಬಂದುದೆಲ್ಲ ಮೋಸವಲ್ಲ. ಸಂಘದ ಹಿಂದಿನ ವರ್ಷದ ದೂರುಗಳನ್ನು ಕುಳಿತು ಓದಿದಾಗ ಹೆಚ್ಚಿನವು ‘ಸಕ್ಕರೆ ಬೆರೆಸಿದ್ದಾರೆ, ತಳದಲ್ಲಿ ಹರಳು ಕಟ್ಟಿದೆ’ ಎಂಬವಾಗಿದ್ದವು. ರಬ್ಬರ್ ತೋಟದ ಜೇನು ಬೇಗ ಹರಳುಗಟ್ಟುವುದು ನಮಗೆ ಗೊತ್ತು. ಚೆನ್ನೈಯ ಗೃಹಿಣಿಗೆ ಗೊತ್ತಿಲ್ಲ. ಆಕೆ ಪ್ರಾಮಾಣಿಕವಾಗಿಯೇ ವಾಪಸು ಕಳುಹಿಸಿದ್ದಾಳೆ. ಈಗ ಚೀಟಿಯ ಮೇಲೆ ‘ಹರಳುಗಟ್ಟುವುದು ಸಹಜ, ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿಡಿ’ ಎಂದು ಕನ್ನಡ, ಇಂಗ್ಲಿಷುಗಳಲ್ಲಿ ಅಚ್ಚು ಹಾಕಿಸಿದ ಮೇಲೆ ಆ ದೂರುಗಳು ಕಡಿಮೆಯಾಗಿವೆ. ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು. ಹದ ಮಾಡದೆ ತುಂಬಿದರೆ ಹುಳಿಬಂದು ಮುಚ್ಚಳ ಉಬ್ಬುತ್ತದೆ. ಅದನ್ನು ಗಿರಾಕಿಯ ಮೋಸವೆನ್ನಲಾಗದು. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದೂ, ಹಲಸಿನ ಹಪ್ಪಳ ಮೆತ್ತಗಾಗುವುದೂ ಹೀಗೆಯೇ. ತನ್ನ ಮಾಲಿನ ದೋಷವನ್ನು ಮೊದಲು ತೆಗೆದುಹಾಕಿದವನಿಗೆ ಮಾತ್ರ ಇತರರ ಮೋಸ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಪುರಾವೆಯ ವಿಚಾರ. ಕಟ್ಟುವಾಗ ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ ವಿಡಿಯೋ ತೆಗೆಯಿರಿ. ಮೊದಲು ಆರ್ಡರ್ ಸಂಖ್ಯೆಯಿರುವ ಚೀಟಿ ಓದುವಷ್ಟು ಸ್ಪಷ್ಟವಾಗಿ ಕಾಣಬೇಕು. ನಂತರ ಬಾಟಲಿಯ ತಂಡದ ಸಂಖ್ಯೆ, ಸೀಲು, ತಕ್ಕಡಿಯ ಮೇಲಿನ ತೂಕ. ಕೊನೆಗೆ ಪೆಟ್ಟಿಗೆ ಮುಚ್ಚಿ ಟೇಪು ಸುತ್ತಿ ಚೀಟಿ ಅಂಟಿಸುವುದು. ಎರಡು ನಿಮಿಷ ಸಾಕು. ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಹಾಳೆಯ ಸೀಲು, ಅದರ ಮೇಲೆ ಮುಚ್ಚಳಕ್ಕೆ ಬಿಸಿ ಗಾಳಿಯಿಂದ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ತೆರೆದದ್ದು ತಿಳಿಯುತ್ತದೆ. ನಮ್ಮ ಸಂಘದವರು ಬಾಟಲಿಯ ತಳಕ್ಕೆ ಅಳಿಸಲಾಗದ ಶಾಯಿಯಿಂದ ಕ್ರಮಸಂಖ್ಯೆ ಬರೆದು, ಯಾವ ಆರ್ಡರಿಗೆ ಯಾವ ಸಂಖ್ಯೆ ಹೋಯಿತೆಂದು ನೋಟು ಪುಸ್ತಕದಲ್ಲಿ ದಾಖಲಿಸುತ್ತಾರೆ. ಹಾಲಿನ ಡೈರಿಯ ಪುಸ್ತಕ ಬರೆದು ಅಭ್ಯಾಸವಿರುವವರಿಗೆ ಇದು ಹೊರೆಯೇನಲ್ಲ.

ವಾಪಸು ಬಂದ ದಿನ ಇದಕ್ಕಿಂತ ಮುಖ್ಯ. ಕಟ್ಟು ತರುವ ಹುಡುಗ ಅವಸರದಲ್ಲಿರುತ್ತಾನೆ, ಸಹಿ ಹಾಕಿ ಎನ್ನುತ್ತಾನೆ. ಪೆಟ್ಟಿಗೆ ಹರಿದಿದ್ದರೆ, ಟೇಪು ಬದಲಾಗಿದ್ದರೆ ಅವನೆದುರೇ ಫೋಟೋ ತೆಗೆದು, ಅವಕಾಶವಿದ್ದರೆ ಅದನ್ನು ದಾಖಲಿಸಿಯೇ ಸಹಿ ಹಾಕಿ. ಅದೇ ದಿನ, ಮತ್ತೆ ಒಂದೇ ಓಟದ ವಿಡಿಯೋದಲ್ಲಿ, ಮೊದಲು ತೂಕ ಮಾಡಿ, ಆಮೇಲೆ ಬಿಚ್ಚಿ. ಹೊರ ಹೊದಿಕೆಯನ್ನು ಒಲೆಗೆ ಹಾಕಬೇಡಿ. ಅದರ ಮೇಲಿನ ಚೀಟಿಯೂ ಸಾಕ್ಷಿಯೇ. ಮನವಿಗೆ ಎಷ್ಟು ದಿನ ಅವಧಿ ಎಂಬುದು ತಾಣದಿಂದ ತಾಣಕ್ಕೆ ಬೇರೆ, ನಡುನಡುವೆ ಬದಲಾಗುವುದೂ ಉಂಟು. ನಿಮ್ಮ ತಾಣದ ಅವಧಿಯನ್ನು ತಿಳಿದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಈ ಕೆಲಸಕ್ಕೆ ಒಬ್ಬರನ್ನೇ ಹೊಣೆ ಮಾಡಿ. ಎಲ್ಲರ ಕೆಲಸವಾದರೆ ಅದು ಅಟ್ಟ ಸೇರುತ್ತದೆ.

ಮನವಿಯನ್ನು ಸಿಟ್ಟಿನಲ್ಲಿ ಬರೆಯಬಾರದು. ‘ಗಿರಾಕಿ ಕಳ್ಳ’ ಎಂದು ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ‘ಕಳುಹಿಸಿದ ತೂಕ ಇಷ್ಟು, ಬಂದ ತೂಕ ಇಷ್ಟು, ತಳದ ಸಂಖ್ಯೆ ಇದು, ಸೀಲು ಕತ್ತರಿಸಿದೆ, ವಿಡಿಯೋ ಲಗತ್ತಿಸಿದೆ’ ಎಂದಿಷ್ಟೇ ಸಾಕು. ಮೊದಲ ಉತ್ತರ ತಿರಸ್ಕಾರವಾಗಿದ್ದರೆ ಮತ್ತೊಮ್ಮೆ ಮೇಲ್ಮನವಿ ಸಲ್ಲಿಸುವ ಅವಕಾಶ ಇದೆಯೇ ನೋಡಿ. ತಂಡದ ಹೆಚ್ಚಿನ ಸದಸ್ಯೆಯರು ಒಂದೇ ನಿರಾಕರಣೆಗೆ ಕೈಚೆಲ್ಲುತ್ತಾರೆ.

ಮಾಲು ವಾಪಸು ಬಾರದೆಯೂ ಹಣ ಹೋಗುವ ದಾರಿಗಳಿವೆ. ಒಡೆದ ಬಾಟಲಿಯ ಫೋಟೋ ಕಳುಹಿಸಿ ಹಣ ಕೇಳುವುದು ಒಂದು. ಈಗ ಕೃತಕ ಬುದ್ಧಿಮತ್ತೆಯಿಂದ ಒಡೆಯದ ಬಾಟಲಿಯನ್ನೂ ಒಡೆದಂತೆ ತೋರಿಸಬಹುದು. ಸಂಶಯ ಬಂದರೆ ತಳದ ಸಂಖ್ಯೆ ಕಾಣುವಂತೆ ಇನ್ನೆರಡು ಕೋನಗಳಿಂದ ಚಿತ್ರ, ಅಥವಾ ಚಿಕ್ಕ ವಿಡಿಯೋ ಕೇಳಿ. ನಿಜವಾಗಿ ಒಡೆದಿದ್ದವರು ಬೇಸರಿಸದೆ ಕಳುಹಿಸುತ್ತಾರೆ. ವಾಟ್ಸ್ಯಾಪಿನಲ್ಲಿ ನೇರವಾಗಿ ಮಾರುವವರಿಗೆ ಬೇರೆಯೇ ಅಪಾಯ. ‘ತಪ್ಪಿ ಹೆಚ್ಚು ಹಣ ಹಾಕಿದೆ, ಉಳಿದದ್ದು ಮರಳಿಸಿ’ ಎಂದು ನಕಲಿ ಪಾವತಿಯ ಚಿತ್ರ ಕಳುಹಿಸುತ್ತಾರೆ. ಚಿತ್ರ ನೋಡಿ ಹಣ ಕಳುಹಿಸಬೇಡಿ, ಬ್ಯಾಂಕ್ ಖಾತೆ ನೋಡಿ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತುವ ಅಗತ್ಯವೇ ಇಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಲೆಕ್ಕಪತ್ರದಲ್ಲಿಯೂ ಒಂದು ಎಚ್ಚರಿಕೆ. ಜಿ.ಎಸ್.ಟಿ. ನೋಂದಣಿ ಇರುವ ಸಂಸ್ಥೆಗಳು ವಾಪಸಾದ ಮಾಲಿಗೆ ಕ್ರೆಡಿಟ್ ನೋಟು ಬರೆಯದಿದ್ದರೆ, ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಿದಂತಾಗುತ್ತದೆ. ತಾಣಗಳು ಮೂಲದಲ್ಲಿ ಸಂಗ್ರಹಿಸುವ ತೆರಿಗೆ 2024ರ ಜುಲೈ 10ರಿಂದ ಶೇ. 0.5, ಅದನ್ನು ವಾಪಸಾದ ಮೌಲ್ಯ ಕಳೆದ ಮೇಲೆ ಲೆಕ್ಕ ಹಾಕಬೇಕು. ತಿಂಗಳಿಗೊಮ್ಮೆ ತಾಳೆ ನೋಡಿ.

ಇಷ್ಟೆಲ್ಲ ಮಾಡಿದರೂ ಭಾರ ನಮ್ಮ ಮೇಲೆಯೇ ಉಳಿಯುತ್ತದೆ. ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ‘ಸುಲಭ ವಾಪಸು’ ಎಂಬ ಆಶ್ವಾಸನೆ ಕೊಟ್ಟು ಗಿರಾಕಿಗಳನ್ನು ಸೆಳೆಯುವವರು ತಾಣದವರು. ಅದರ ವೆಚ್ಚ ತೆರುವವರು ಮಾರಾಟಗಾರರು. ಒಬ್ಬ ಗಿರಾಕಿ ಈ ತಿಂಗಳು ಎಷ್ಟು ಕಡೆ ‘ಬೇರೆ ವಸ್ತು ಬಂತು’ ಎಂದಿದ್ದಾನೆ ಎಂಬುದು ತಾಣಕ್ಕೆ ಮಾತ್ರ ತಿಳಿಯುತ್ತದೆ. ನಮಗೆ ಕಾಣುವುದು ಒಂದೇ ಆರ್ಡರು. ಗೊತ್ತಿರುವವನು ಹೊಣೆ ಹೊರಬೇಕಲ್ಲವೇ? ಸಣ್ಣ ಉತ್ಪಾದಕರ ತಿನಿಸುಗಳಿಗಾದರೂ, ಪದೇ ಪದೇ ದೂರುವ ಗಿರಾಕಿಯ ವಾಪಸಿನ ನಷ್ಟವನ್ನು ತಾಣವೇ ಭರಿಸಬೇಕು, ತಿರಸ್ಕಾರಕ್ಕೆ ಕಾರಣವನ್ನು ಕನ್ನಡದಲ್ಲಿ ಕೊಡಬೇಕು ಎಂದು ನಿಯಮ ಬರಬೇಕು. 2020ರಿಂದ ಕೇಂದ್ರ ಸರ್ಕಾರದ ಯೋಜನೆಯಡಿ ರಚನೆಯಾದ ರೈತ ಉತ್ಪಾದಕ ಸಂಸ್ಥೆಗಳು ಒಟ್ಟಾಗಿ ಕೇಳಿದರೆ ಈ ಬೇಡಿಕೆಗೆ ತೂಕ ಬಂದೀತು. ಒಂದೊಂದು ಸಂಘ ಬೇರೆ ಬೇರೆಯಾಗಿ ಕೇಳಿದರೆ ಬಾರದು.

ನಮ್ಮ ಇಲಾಖೆಯವರ ಪಾಲೂ ಇದೆ. ಮೌಲ್ಯವರ್ಧನೆ ಮಾಡಿ, ಆನ್‌ಲೈನಿನಲ್ಲಿ ಮಾರಿ ಎಂದು ತರಬೇತಿಗಳಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ವಾಪಸು ಬಂದರೆ ಏನು ಮಾಡಬೇಕೆಂದು ಹೇಳಿದ್ದು ಆ ಪಾಕದ ಬಾಟಲಿ ಮೇಜಿನ ಮೇಲೆ ಬಂದ ಮೇಲೆಯೇ.

ಸಂಘದವರು ಈಗ ಮಾರಿದ ಪ್ರತಿ ಬಾಟಲಿಯಿಂದ ರೂ. 4 ತೆಗೆದು ವಾಪಸು ನಿಧಿಯೆಂದು ಇಡುತ್ತಿದ್ದಾರೆ. ನೂರು ಬಾಟಲಿಗೆ ಒಂದು ನಷ್ಟ ತುಂಬುತ್ತದೆ. ಹೊಸ ಕ್ರಮ ಆರಂಭಿಸಿದ ಮೇಲೆ ಮೂರು ಮನವಿಗಳು ಹೋಗಿವೆ. ಒಂದಕ್ಕೆ ಪೂರ್ಣ ಹಣ ಬಂತು, ಒಂದು ತಿರಸ್ಕೃತವಾಯಿತು, ಮೂರನೆಯದು ಮೇಲ್ಮನವಿಯಲ್ಲಿದೆ.