ವಿಷದ ಕೊಳೆ, ಯಾರ ವೆಚ್ಚ?

೨೦೨೫ರ ಜುಲೈಯಲ್ಲಿ ಮುಂಬಯಿ ಪೋಲೀಸರು ಮೈಸೂರಿನ ಹೊರವಲಯದ ಶೆಡ್ಡೊಂದನ್ನು ಮೆಫೆಡ್ರೋನ್ ಎಂಬ ಮಾದಕದ್ರವ್ಯದ ತಯಾರಿಕೆಯ ನೆಲೆಯೆಂದು ಹಿಡಿದುದನ್ನು ವಾಚಕರು ಮರೆತಿರಲಾರರು. ಬಾಗಿಲಿಗೆ ಮೊಹರು ಬಿದ್ದ ಮಾತ್ರಕ್ಕೆ ಇಂಥ ಪಿಡುಗು ತೀರದು. ಒಂದು ಕಿಲೋ ಆಂಫೆಟಮಿನ್ ತಯಾರಾದರೆ ೨೦ರಿಂದ ೩೦ ಕಿಲೋ ವಿಷದ ಕೊಳೆ ಉಳಿಯುವುದೆಂದು ಯೂರೋಪಿನವರ ಲೆಕ್ಕ.

ಮುಂಬಯಿ ಹೆದ್ದಾರಿಯ ಮೇಲಿರುವ ನಮ್ಮ ದುರ್ಗದ ಸೀಮೆಗೂ ಇದು ಎಚ್ಚರಿಕೆ. ಚಿತ್ರದುರ್ಗ, ಹಿರಿಯೂರುಗಳಿಗೆ ಮಾರಿಕಣಿವೆಯ ನೀರೇ ಜೀವನ. ಹೊಸದುರ್ಗ, ಹೊಳಲ್ಕೆರೆಗಳ ತೋಟಗಳಿಗೆ ಕೊಳವೆ ಬಾವಿಯೇ ಗತಿ. ಅಂಥ ಕೊಳೆ ಇಲ್ಲಿಯ ಹಳ್ಳಕ್ಕಿಳಿದರೆ ಶುದ್ಧಿಯ ಹಣವನ್ನು ಪುರಸಭೆಯು ಎಲ್ಲಿಂದ ತರಬೇಕು?

ಕೆಡಿಸಿದವನೇ ವೆಚ್ಚ ತೆರತಕ್ಕದ್ದೆಂದು ಸುಪ್ರೀಂ ಕೋರ್ಟು ೧೯೯೬ರಲ್ಲಿಯೇ ವಿಧಿಸಿದೆ. ೧೯೮೫ರ ಮಾದಕದ್ರವ್ಯ ಕಾಯಿದೆಯಲ್ಲಿ ಅಪರಾಧಿಯ ಆಸ್ತಿಯ ಮುಟ್ಟುಗೋಲಿಗೂ ಅವಕಾಶವಿದೆ. ಆ ಹಣದಲ್ಲಿ ನೆಲಜಲಗಳ ಶುದ್ಧಿಗೆ ಒಂದು ಪಾಲನ್ನು ಸರಕಾರವು ಮೊದಲೇ ಮೀಸಲಿಡತಕ್ಕದ್ದು.